ದೀಪ ಹಚ್ಚಿದ ಮೇಲೆ

ಅತ್ತೆಯವರಿಗೆ ನಮಸ್ಕಾರ.

ಫೋನ್ ಮಾಡೋಣವೆಂದರೆ ಮಾವ ಪಕ್ಕದಲ್ಲೇ ಕ್ಯಾಶ್ ಕೌಂಟರಿನಲ್ಲಿದ್ದಾರೆ. ಅದಕ್ಕೇ ನಿಮ್ಮ ಊಟದ ಕ್ಯಾರಿಯರ್ ಜೊತೆ ಈ ಚೀಟಿ. ಓದಿ ಹರಿದುಬಿಡಿ.

ಹೋಟೆಲಿಗೆ ದೊಡ್ಡ ಗ್ರೈಂಡರ್ ತೆಗೆದದ್ದು ನನ್ನ ಕ್ರೆಡಿಟ್ ಕಾರ್ಡಿನಲ್ಲಿ. ಆರು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಬಡ್ಡಿಯಿಲ್ಲ ಎಂದು ಬ್ಯಾಂಕಿನವರು ಹೇಳಿದ್ದರು. ಕೊನೆಯ ದಿನ ಶುಕ್ರವಾರ ಬಂತು. ಸಂಜೆ ಕಟ್ಟಲು ಫೋನ್ ಕೈಗೆತ್ತಿಕೊಂಡಾಗ ನೀವು, "ಶುಕ್ರವಾರ ಬೇರೆ, ದೀಪವೂ ಹಚ್ಚಿ ಆಯ್ತಲ್ಲ ಮಾರಾಯ್ತಿ, ಇನ್ನು ಲಕ್ಷ್ಮಿಯನ್ನು ಹೊರಗೆ ಕಳಿಸ್ಬೇಡ. ನಾಳೆ ಕಟ್ಟು" ಎಂದಿರಿ. ಮರುದಿನ ಎದ್ದ ಕೂಡಲೇ ಕಟ್ಟಿದೆ. ಅಷ್ಟರಲ್ಲಿ ಗಡುವು ಮುಗಿದು ಆರೂ ತಿಂಗಳ ಬಡ್ಡಿ ಒಟ್ಟಿಗೆ ಬಿದ್ದಿತ್ತು. ಅದನ್ನು ತೀರಿಸಲು ಇನ್ನೊಂದು ಕಾರ್ಡ್ ತೆಗೆದೆ. ಈಗ ಅದರ ಗಡುವೂ ಮುಗಿದಿದೆ. ನಿಮ್ಮನ್ನು ದೂರುತ್ತಿಲ್ಲ.

ವಸೂಲಿಯವನು ನಾಳೆ ಸಂಜೆ ಹೋಟೆಲಿಗೇ ಬರುತ್ತಾನಂತೆ, ನಮ್ಮ ಅಂಬತ್ತೂರು ಪೇಟೆಯ ಗಿರಾಕಿಗಳೆಲ್ಲ ಕಾಫಿಗೆ ಕೂರುವ ಹೊತ್ತಿಗೆ. ಗ್ರೈಂಡರಿನ ಹಣ ಎಂದೋ ತೀರಿತೆಂದು ಮಾವನಿಗೆ ನಾನೇ ಹೇಳಿದ್ದೇನೆ.

ಅಮ್ಮ ನನಗೆ ಹಾಕಿದ ಬಳೆಗಳು ನಿಮ್ಮ ಕಪಾಟಿನಲ್ಲಿವೆ. ದಯವಿಟ್ಟು ಅವನ್ನು ಕ್ಯಾರಿಯರಿನ ತಳದ ಡಬ್ಬಿಯಲ್ಲಿಟ್ಟು ವಾಪಸು ಕಳಿಸಿ.

ಇವತ್ತೇ ಕಳಿಸಿ ಅತ್ತೆ. ನಾಳೆ ಶುಕ್ರವಾರ.

ನಿಮ್ಮ ಸೊಸೆ,
ನಮಿತಾ