ಎಮೆಟ್‌ನ ಅಕ್ಷರ

ಹಾಲಿವುಡ್
ಮೇ 14, 1919

ಪ್ರೀತಿಯ ಲೆಟಿ,

ಇವತ್ತು ಬೆಳಿಗ್ಗೆ ಟ್ರಾಮಿನಲ್ಲಿ ನನ್ನೆದುರು ಒಬ್ಬ ಜರ್ಮನ್ ಸೈನಿಕ, ಒಬ್ಬ ಅಮೆರಿಕನ್ ಸೈನಿಕ ಒಂದೇ ಕಿತ್ತಳೆ ಸುಲಿದು ಹಂಚಿಕೊಂಡು ತಿನ್ನುತ್ತಿದ್ದರು. ಇಬ್ಬರೂ ನಮ್ಮ ಚಿತ್ರದವರೇ. ಒಂಬತ್ತು ಗಂಟೆಗೆ ಒಬ್ಬರನ್ನೊಬ್ಬರು ಕೊಲ್ಲಬೇಕಿತ್ತು. ಎರಡು ತಿಂಗಳಿಂದ ಬರೆದಿಲ್ಲ, ಕೋಪ ಮಾಡಿಕೊಳ್ಳಬೇಡ. ನಿನ್ನ ಮಗುವಿಗೆ ಹಲ್ಲು ಬಂತಾ?

ಚಿತ್ರ ಯುದ್ಧಕ್ಕೆ ಹೋದವನೊಬ್ಬನ ಪ್ರೇಮಕಥೆ. ದೃಶ್ಯಗಳ ನಡುವೆ ತೆರೆಯ ಮೇಲೆ ಬರುವ ಮಾತುಗಳನ್ನು ಬರೆಯುವುದು ನನ್ನ ಕೆಲಸ. ಸಾಹಿತ್ಯ ಓದಿದ್ದಕ್ಕೆ ಸಿಕ್ಕಿದ್ದು. ಮೂಲೆಯಲ್ಲಿ ಕೂತಿರಬಹುದು, ಯಾರೊಂದಿಗೂ ಮಾತಾಡಬೇಕಿಲ್ಲ. ಪಾತ್ರಗಳು ಬರೆಯುವ ಕಾಗದಗಳೂ ನನ್ನ ಕೈಬರಹವೇ. ಅವನ್ನು ತೆರೆ ತುಂಬ ತೋರಿಸುತ್ತಾರೆ.

ಸೋಮವಾರ ನಾಯಕನ ಕಾಗದ ಬರೆದುಕೊಟ್ಟೆ. ನಿರ್ದೇಶಕ ಗ್ಯಾನನ್ ಅದನ್ನು ಮೇಜಿನ ಮೇಲೆ ಎಸೆದರು. "ಏನಮ್ಮಾ ಇದು, ಟೀಚರಮ್ಮ ಬರ್ದಂಗಿದೆ! ಕೆಸರಲ್ಲಿ ಕೂತು ಗಂಡಸು ಬರ್ದಂಗಿರ್ಬೇಕು."

ಮತ್ತೆ ಬರೆದೆ. ಕ್ಯಾಮೆರಾದ ಬ್ರಾಂಟ್ ನೋಡಿ ನಕ್ಕ. "ಅಬ್ಬಾ, ಯಾರ ಕೈಬರಹ ಕದ್ರಿ ಮೇಡಂ?" ಆಗಲೇ ನಾನೂ ನೋಡಿದ್ದು. ಅದು ನಿನ್ನಣ್ಣ ಎಮೆಟ್‌ನ ಅಕ್ಷರ. ಹಿಂದಕ್ಕೆ ವಾಲಿದ ಅದೇ ಉದ್ದುದ್ದ ಗೆರೆಗಳು. ಅವನ ಕಾಗದಗಳನ್ನು ಯುದ್ಧಕ್ಕೆ ಮುಂಚಿನಿಂದಲೂ ಮೂರು ವರ್ಷ ಓದಿದ ನನಗೆ ಬೇರೆ ಗಂಡಸಿನ ಬರಹ ಗೊತ್ತಿರಲಿಲ್ಲ.

ಚಿತ್ರ ಸೆಪ್ಟೆಂಬರಿನಲ್ಲಿ ನಿಮ್ಮೂರಿಗೂ ಬರುತ್ತದೆ. ನಿಮ್ಮಮ್ಮ ಒಂದು ಶನಿವಾರವೂ ತಪ್ಪಿಸುವವರಲ್ಲ. ಎಮೆಟ್ ಯುದ್ಧದಲ್ಲಿ ಕಾಣೆಯಾಗಿದ್ದಾನೆ ಎಂಬ ತಂತಿ ಬಂದಾಗ, "ಸತ್ತ ಅಂತ ಎಲ್ಲಿ ಬರ್ದಿದೆ, ತೋರ್ಸು" ಎಂದು ತಂತಿ ತಂದವನನ್ನೇ ಗದರಿಸಿದವರು. ಬಾಗಿಲೆತ್ತರಕ್ಕೆ ಮಗನ ಅಕ್ಷರ ಕಂಡರೆ ಮಾರನೆಯ ದಿನವೇ ರೈಲು ಹತ್ತಿ ಇಲ್ಲಿಗೆ ಬರುತ್ತಾರೆ.

ಬೇರೆ ಬರೆಯಲೇ ಎಂದು ಗ್ಯಾನನ್ ಅವರನ್ನು ಕೇಳಿದೆ. "ಈಗ್ತಾನೇ ಸರಿಯಾಗಿದೆ, ಸುಮ್ನಿರಮ್ಮ" ಎಂದರು. ಅವರು ಊಟಕ್ಕೆ ಹೋದಾಗ ಅದನ್ನು ಹರಿದು ಬುಟ್ಟಿಗೆ ಹಾಕಿ, ಬ್ರಾಂಟ್‌ನಿಂದ ಇನ್ನೊಂದು ಬರೆಸಿದೆ. "ನಂದು ಕಾಗೆ ಕಾಲು, ಆಮೇಲೆ ನನ್ನ ಬಯ್ಬೇಡಿ" ಎಂದ. ನಾಳೆ ಅದನ್ನೇ ಚಿತ್ರೀಕರಿಸುತ್ತಾರೆ.

ಮಗುವಿಗೆ ನನ್ನ ಮುತ್ತು. ಎಲ್ಲರೂ ಚೆನ್ನಾಗಿರಿ.

ನಿನ್ನ,
ವಿನಿಫ್ರೆಡ್

ತಾ.ಕ.: ಎಮೆಟ್‌ನ ಕೊನೆಯ ಕಾಗದದಲ್ಲಿ ನಮ್ಮ ಮದುವೆಯ ಮಾತಿತ್ತು ಎಂದು ನಿಮಗೆಲ್ಲ ಹೇಳಿದ್ದೆ. ಇರಲಿಲ್ಲ. ಕಾಣೆಯಾಗುವುದಕ್ಕೆ ಎರಡು ವಾರ ಮುಂಚೆ ಬರೆದದ್ದು. ಅಲ್ಲಿ ಒಬ್ಬಳಿದ್ದಾಳಂತೆ, ಯುದ್ಧ ಮುಗಿದರೂ ಊರಿಗೆ ಬರುವುದಿಲ್ಲವಂತೆ. ಅವನು ಸತ್ತಿಲ್ಲ ಎಂದು ನಿಮ್ಮಮ್ಮ ಅನ್ನುವುದೇ ನಿಜವಿರಬಹುದು. ನನ್ನನ್ನು ಬಿಟ್ಟ ಎಂದು ಹೇಳಿಕೊಳ್ಳುವುದಕ್ಕಿಂತ, ಸತ್ತ ಎಂದುಕೊಳ್ಳುವುದು ನನಗೆ ಸುಲಭವಾಗಿತ್ತು. ಅವಳ ಹೆಸರು, ಊರು ಎರಡೂ ಅದರಲ್ಲಿವೆ. ಆ ಕಾಗದವನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಅಮ್ಮನಿಗೆ ಓದಿ ಹೇಳು.