ಅಕ್ಕನ ಮುಂದಿನ ಹಲ್ಲಿನ ವಿಚಾರ

ಮಾನ್ಯ ದಂತವೈದ್ಯರ ಸನ್ನಿಧಾನಕ್ಕೆ,

ನಿಮ್ಮ ಕುರ್ಚಿಗೆ ಹೆದರಿ ನಮ್ಮಕ್ಕ ಮನೆಯಲ್ಲೇ ಹಲ್ಲು ಬಿಳುಪಾಗಿಸುವ ಜೆಲ್ ಹಚ್ಚಿಕೊಂಡು ಎರಡು ವಾರ ತಪಸ್ಸು ಮಾಡಿದಳು. ಹಲ್ಲೆಲ್ಲ ಬೆಳ್ಳಗಾದವು. ನೀವು ಕೂರಿಸಿದ್ದ ಮುಂದಿನ ಹಲ್ಲಿನ ಕ್ಯಾಪ್ ಮಾತ್ರ ಜಪ್ಪಯ್ಯ ಅಂದರೂ ಬಣ್ಣ ಬಿಡಲಿಲ್ಲ. ಕ್ಯಾಪಿಗೆ ಜೆಲ್ ನಾಟುವುದಿಲ್ಲವೆಂಬ ಜ್ಞಾನೋದಯ ನಮಗೆ ಈಗಷ್ಟೇ ಆಗಿದೆ.

“ಬಿಳಿ ಗೋಡೆಗೆ ಹಳದಿ ಬಾಗಿಲು ಕಣೇ,” ಎಂದು ನಾನು ಸತ್ಯ ನುಡಿದೆ.

“ನಾಳೆ ಇಂಟರ್‌ವ್ಯೂಗೆ ನಾನು ಹೋಗಲ್ಲ, ನೀನೇ ಹೋಗಿ ಸಾಯಿ,” ಎಂದು ಬಾಯಿಗೆ ಕೈ ಅಡ್ಡ ಹಿಡಿದು ಬೈದಳು. ಆಗಿನಿಂದ ಒಂದೇ ಸಮನೆ ಅತ್ತಿತ್ತ ತಿರುಗುತ್ತಿದ್ದಾಳೆ. ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ.

ದಯವಿಟ್ಟು ಇಂದು ಸಂಜೆಯೇ ಬಣ್ಣ ಹೊಂದುವ ತಾತ್ಕಾಲಿಕ ಕ್ಯಾಪ್ ಹಾಕಿಕೊಡಿ. ಅವಳನ್ನು ಎಳೆದು ತರುವ ಹೊಣೆ ನನ್ನದು. ನನ್ನ ಜೋಕಿಗೆ ನಗುವವಳು ಲೋಕದಲ್ಲಿ ಅವಳೊಬ್ಬಳೇ. ಈಗ ನಾನು ಬಾಯಿ ತೆರೆದರೆ ಸಾಕು, ಪಕ್ಕದ ಕೋಣೆಗೆ ಹೋಗಿಬಿಡುತ್ತಾಳೆ.

ಇಂತಿ,
ಕೆಲಸವಿಲ್ಲದೆ ಕೂತಿರುವ ಅವಳ ತಮ್ಮ