ಹಸಿರು ಬಾಗಿಲಿನ ಮನೆ ಬಿಡು, ಅಮ್ಮಾ

ಲಿಯೋನ್, ೯ ಮಾರ್ಚ್ ೧೯೬೬

ಅಮ್ಮಾ,

ಈ ಪತ್ರ ಸಿಕ್ಕ ಕೂಡಲೇ ಮನೆಗೆ ಬೀಗ ಹಾಕಿ ಗೆರ್ಮೇನ್ ಚಿಕ್ಕಮ್ಮನ ಊರಿಗೆ ಹೊರಡು. ನಿನ್ನೆ ಹಾಡು ಮುಗಿಸಿ ಕಾರು ಹತ್ತುವಾಗ, ಅಭಿಮಾನಿಗಳ ನೂಕುನುಗ್ಗಲಿನಲ್ಲಿ ಒಬ್ಬ ಕತ್ತರಿಯಿಂದ ನನ್ನ ಜಡೆ ಕತ್ತರಿಸಿದ. "ನಿಮ್ಮಮ್ಮನ ಮನೆ ಹಸಿರು ಬಾಗಿಲಿಂದು, ಅಲ್ವಾ? ನೋಡ್ಕೊಂಡು ಬಂದಿದ್ದೀನಿ" ಎಂದು ಕಿವಿಯಲ್ಲಿ ಹೇಳಿ ಜನರೊಳಗೆ ಮರೆಯಾದ.

ಮ್ಯಾನೇಜರ್ ಗಾಸ್ಪಾರ್ ನಕ್ಕ. "ಅಳ್ಬೇಡ ಕಣೇ, ನಾಳೆ ಪೇಪರಲ್ಲೆಲ್ಲ ನಿಂದೇ ಫೋಟೋ. ಸಿನಿಮಾದವರಿಗೂ ಗಿಡ್ಡ ಕೂದಲೇ ಬೇಕಿತ್ತು!" ಇವತ್ತು ಹಾಡುವುದಿಲ್ಲ ಎಂದುಬಿಟ್ಟೆ.

ಜಡೆ ಕತ್ತರಿಸಿದವನು ಪೊಲೀಸರಿಗೆ ಇನ್ನೂ ಸಿಕ್ಕಿಲ್ಲ. ಶುಕ್ರವಾರ ನಾನೂ ಚಿಕ್ಕಮ್ಮನಲ್ಲಿಗೆ ಬರುತ್ತೇನೆ. ಅಲ್ಲಿ ಯಾರಾದರೂ ಕೇಳಿದರೆ, ಮಗಳು ಹೊಲಿಗೆ ಕೆಲಸದಲ್ಲಿದ್ದಾಳೆ ಎನ್ನು. ರೇಡಿಯೋದಲ್ಲಿ ನನ್ನ ಹಾಡು ಬಂದರೆ, ದಯವಿಟ್ಟು, ಯಾರದೋ ಹಾಡು ಎಂಬಂತೆ ಕೂತಿರು.

ನಿನ್ನ
ಕ್ಲೋತಿಲ್ಡ್